ಮೀಟರ್ ನಿಂತರೂ ಶಾಖ ನಿಲ್ಲುವುದಿಲ್ಲ: ಕರಗಿಸುವ ಲೆಕ್ಕ ಹಾಕುವುದು ಹೀಗೆ

ಪೀಣ್ಯದಲ್ಲಿ ಮೋಟಾರ್ ರೋಟರ್‌ಗಳಿಗೆ ಅಲ್ಯೂಮಿನಿಯಂ ಎರಕ ಹುಯ್ಯುವ ಒಂದು ಚಿಕ್ಕ ಕಾರ್ಖಾನೆ. ಅಲ್ಲಿ ನನ್ನ ಮೊದಲ ವಾರ. ಕುಲುಮೆಗೆ 40 ಕಿಲೋ ಶುದ್ಧ ಅಲ್ಯೂಮಿನಿಯಂ ಗಟ್ಟಿ ಹಾಕಿ ಕರೆಂಟ್ ಕೊಟ್ಟಿದ್ದೆವು. ತಾಪಮಾನದ ಮೀಟರ್ 300 ದಾಟಿತು, 500 ದಾಟಿತು, 650 ಆಯಿತು. 660ಕ್ಕೆ ಬಂದು ನಿಂತಿತು. ಐದು ನಿಮಿಷ ಕಾದೆ. ಹತ್ತು ನಿಮಿಷ ಕಾದೆ. ಅಂಕಿ ಅಲ್ಲಾಡಲಿಲ್ಲ. ಕಾಯಿಲ್ ಸುಟ್ಟುಹೋಗಿದೆ ಅಂದುಕೊಂಡು ಸ್ವಿಚ್ ಆರಿಸಲು ಹೊರಟೆ. ಮೇಸ್ತ್ರಿ ತಡೆದರು.

"ಇರಿ ಸಾರ್, ಕಾಯಿಲ್‌ಗೆ ಏನೂ ಆಗಿಲ್ಲ. ಒಳಗೆ ಕರಗ್ತಾ ಇದೆ. ಪೂರ್ತಿ ಕರಗೋವರೆಗೂ ಮೀಟರ್ ಮೇಲೆ ಹೋಗಲ್ಲ."

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ್ದೆ. ಗುಪ್ತೋಷ್ಣ ಅನ್ನುವ ಪದವನ್ನು ಪರೀಕ್ಷೆಯಲ್ಲಿ ಎಷ್ಟೋ ಸಲ ಬರೆದಿದ್ದೆ. ಅದು ಕಣ್ಣೆದುರು ನಡೆಯುವುದನ್ನು ನೋಡಿದ್ದು ಅವತ್ತೇ. ಈಗ ಹನುಮಂತನಗರದಲ್ಲಿ ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಈ ಲೆಕ್ಕದಲ್ಲಿ ಮಕ್ಕಳು ತಪ್ಪುವುದು ಗುಣಾಕಾರದಲ್ಲಿ ಅಲ್ಲ. ಆ ನಿಂತ ಮೀಟರ್ ಅವರಿಗೆ ನೆನಪಾಗುವುದಿಲ್ಲ, ಅಷ್ಟೇ. ಅದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದು ಅಂಗಡಿ ಬಿಲ್ ಕೂಡಿಸಿದಷ್ಟೇ ಸುಲಭ.

ಶಾಖ ಎಲ್ಲಿ ಹೋಗುತ್ತದೆ?

ಶಾಖ ಕೊಟ್ಟರೆ ವಸ್ತುವಿನ ಕಣಗಳು ಜೋರಾಗಿ ನಡುಗುತ್ತವೆ. ನಡುಕ ಹೆಚ್ಚಿದಷ್ಟೂ ತಾಪಮಾನ ಏರುತ್ತದೆ. ಘನವಸ್ತುವಿನಲ್ಲಿ ಈ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಕರಗುವ ಬಿಂದು ತಲುಪಿದ ಮೇಲೆ ಒಳಗೆ ಬರುವ ಶಾಖವೆಲ್ಲ ಆ ಹಿಡಿತ ಬಿಡಿಸುವುದಕ್ಕೇ ಖರ್ಚಾಗುತ್ತದೆ. ನಡುಕ ಹೆಚ್ಚುವುದಿಲ್ಲ. ಹಾಗಾಗಿ ಥರ್ಮಾಮೀಟರ್‌ಗೆ ಆ ಶಾಖ ಕಾಣುವುದಿಲ್ಲ. ಕಾಣದ ಶಾಖ ಅಂತಲೇ ಅದಕ್ಕೆ ಗುಪ್ತೋಷ್ಣ ಅನ್ನುವ ಹೆಸರು.

ಇದನ್ನು ಮೊದಲು ಅಳೆದು ತೋರಿಸಿದವರು ಜೋಸೆಫ್ ಬ್ಲ್ಯಾಕ್. 1760ರ ದಶಕದ ಆರಂಭ, ಸ್ಕಾಟ್ಲೆಂಡಿನ ಗ್ಲಾಸ್ಗೋ. ಒಂದೇ ಥರದ ಎರಡು ಗಾಜಿನ ಪಾತ್ರೆ ತೆಗೆದುಕೊಂಡರು. ಒಂದರಲ್ಲಿ ಕರಗಲು ಶುರುವಾಗುವ ಐಸ್. ಇನ್ನೊಂದರಲ್ಲಿ ಅಷ್ಟೇ ತೂಕದ, ಹೆಚ್ಚು ಕಡಿಮೆ ಅಷ್ಟೇ ತಣ್ಣಗಿನ ನೀರು. ಎರಡನ್ನೂ ಒಂದೇ ಕೋಣೆಯಲ್ಲಿ ತೂಗುಹಾಕಿದರು. ನೀರು ಅರ್ಧ ಗಂಟೆಯಲ್ಲಿ ಸುಮಾರು 4 ಡಿಗ್ರಿ ಸೆಲ್ಸಿಯಸ್ ಏರಿತು. ಐಸ್ ಕರಗಿ ಅದೇ ತಾಪಮಾನಕ್ಕೆ ಬರಲು ಹತ್ತೂವರೆ ಗಂಟೆ ಹಿಡಿಯಿತು. ಅಂದರೆ 21 ಪಟ್ಟು ಹೊತ್ತು. ಐಸ್ ಕರಗಿಸಲು ಹೋದ ಶಾಖದಲ್ಲಿ ಅಷ್ಟೇ ತೂಕದ ನೀರನ್ನು ಸುಮಾರು 77 ಡಿಗ್ರಿ ಬಿಸಿ ಮಾಡಬಹುದಿತ್ತು ಅಂತ ಅವರ ಲೆಕ್ಕ ಬಂತು. ಇವತ್ತಿನ ಅಳತೆಯಲ್ಲಿ ಅದು ಸುಮಾರು 80. ಎರಡು ಗಾಜಿನ ಪಾತ್ರೆ, ಒಂದು ಥರ್ಮಾಮೀಟರ್, ಬೇಕಾದಷ್ಟು ತಾಳ್ಮೆ. ಇಷ್ಟರಲ್ಲೇ ಅಷ್ಟು ಹತ್ತಿರ ಬಂದರು ಅನ್ನುವುದನ್ನು ಮಕ್ಕಳಿಗೆ ಹೇಳುವಾಗ ನನಗೆ ಈಗಲೂ ಖುಷಿಯಾಗುತ್ತದೆ.

ಬೇಕಾದ ಅಂಕಿಗಳು

ಪ್ರತಿ ವಸ್ತುವಿಗೂ ಮೂರು ಅಂಕಿ ಗೊತ್ತಿರಬೇಕು. ಅದು ಕರಗುವ ತಾಪಮಾನ ಒಂದು. ಒಂದು ಕಿಲೋ ವಸ್ತುವನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ಶಾಖ ಇನ್ನೊಂದು, ಅದೇ ವಿಶಿಷ್ಟೋಷ್ಣ. ಕರಗುವ ಬಿಂದುವಿನಲ್ಲಿರುವ ಒಂದು ಕಿಲೋ ವಸ್ತುವನ್ನು ಪೂರ್ತಿ ಕರಗಿಸಲು ಬೇಕಾದ ಶಾಖ ಮೂರನೆಯದು, ಅದು ಗುಪ್ತೋಷ್ಣ. ಕೆಳಗಿನವೆಲ್ಲ ಕಿಲೋಜೌಲ್‌ಗಳಲ್ಲಿ, ಒಂದು ಕಿಲೋ ತೂಕಕ್ಕೆ, ಸುಮಾರಾಗಿ:

ಐಸ್: ಕರಗುವುದು 0 ಡಿಗ್ರಿಗೆ, ವಿಶಿಷ್ಟೋಷ್ಣ 2.1, ಗುಪ್ತೋಷ್ಣ 334
ತವರ: 232 ಡಿಗ್ರಿ, 0.228, 60
ಸೀಸ: 327 ಡಿಗ್ರಿ, 0.13, 23
ಅಲ್ಯೂಮಿನಿಯಂ: 660 ಡಿಗ್ರಿ, 0.90, 397
ಬೆಳ್ಳಿ: 962 ಡಿಗ್ರಿ, 0.235, 105
ಚಿನ್ನ: 1064 ಡಿಗ್ರಿ, 0.129, 64
ತಾಮ್ರ: 1085 ಡಿಗ್ರಿ, 0.385, 205

ನೀರಿನ ವಿಶಿಷ್ಟೋಷ್ಣ 4.2. ಐಸಿನದು ಅದರ ಅರ್ಧ. ಇದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಬರೆದಿಟ್ಟುಕೊಳ್ಳಿ. ಐಸ್ ಬಿಸಿಯಾಗುವ ಲೆಕ್ಕಕ್ಕೂ 4.2 ಹಾಕಿ ಅಂಕ ಕಳೆದುಕೊಂಡವರು ತುಂಬಾ ಜನ. ಇನ್ನೊಂದು ತಪ್ಪೂ ಆಗುತ್ತದೆ. ಪುಸ್ತಕದ ಪಟ್ಟಿಯಲ್ಲಿ ನೀರಿನ ಎದುರು 2257 ಅಂತ ಒಂದು ಅಂಕಿ ಇರುತ್ತದೆ. ಅದು ನೀರು ಆವಿಯಾಗುವಾಗಿನ ಗುಪ್ತೋಷ್ಣ. ಕರಗುವ ಲೆಕ್ಕಕ್ಕೆ ಅದು ಬೇಡ.

ಹೆಜ್ಜೆ 1: ಮೊದಲು ಮೆಟ್ಟಿಲು ಬರೆಯಿರಿ

ಸೂತ್ರ ಆಮೇಲೆ. ಮೊದಲು ಹಾಳೆಯ ಮೇಲೆ ಒಂದು ಮೆಟ್ಟಿಲು ಬರೆಯಿರಿ. ಫ್ರೀಜರ್‌ನಿಂದ ತೆಗೆದ 1 ಕಿಲೋ ಐಸ್ ಮೈನಸ್ 18 ಡಿಗ್ರಿಯಲ್ಲಿದೆ. ಅದು ಕೋಣೆಯ 25 ಡಿಗ್ರಿಯ ನೀರಾಗಬೇಕು. ಮೈನಸ್ 18ರಿಂದ 0ಗೆ ಒಂದು ಏರು ಗೆರೆ. 0ಯಲ್ಲಿ ಒಂದು ಅಡ್ಡ ಗೆರೆ. 0ಯಿಂದ 25ಕ್ಕೆ ಮತ್ತೊಂದು ಏರು ಗೆರೆ. ಏರು ಗೆರೆ ಅಂದರೆ ತಾಪಮಾನ ಏರುವ ಹೊತ್ತು. ಅಡ್ಡ ಗೆರೆ ಅಂದರೆ ಮೀಟರ್ ನಿಂತ ಹೊತ್ತು, ಕರಗುವ ಹೊತ್ತು.

ಎಷ್ಟು ಗೆರೆ ಇವೆಯೋ ಅಷ್ಟು ಲೆಕ್ಕ. ಮೂರು ಗೆರೆ ಬಂದರೆ ಮೂರು ಸಾಲು. ಯಾವುದೂ ತಪ್ಪಿಹೋಗುವುದಿಲ್ಲ.

ಹೆಜ್ಜೆ 2: ಅಳತೆ ಒಂದೇ ಮಾಡಿ

ತೂಕ ಕಿಲೋದಲ್ಲಿರಲಿ, ಶಾಖ ಕಿಲೋಜೌಲ್‌ನಲ್ಲಿರಲಿ. 250 ಗ್ರಾಂ ಅಂದರೆ 0.25. ಹಳೆಯ ಪುಸ್ತಕದಲ್ಲಿ ಕ್ಯಾಲೊರಿ ಇದ್ದರೆ ಒಂದು ಕ್ಯಾಲೊರಿಗೆ ಸುಮಾರು 4.2 ಜೌಲ್. ಒಂದು ಗ್ರಾಂ ಐಸಿಗೆ 80 ಕ್ಯಾಲೊರಿ ಅಂತ ಅದರಲ್ಲಿ ಬರೆದಿದ್ದರೆ ಅದು ಇದೇ 334.

ಹೆಜ್ಜೆ 3: ಗೆರೆಗೊಂದು ಗುಣಾಕಾರ

ಏರು ಗೆರೆಗೆ: ತೂಕ × ವಿಶಿಷ್ಟೋಷ್ಣ × ಎಷ್ಟು ಡಿಗ್ರಿ ಏರಿತು.
ಅಡ್ಡ ಗೆರೆಗೆ: ತೂಕ × ಗುಪ್ತೋಷ್ಣ.

ಅಡ್ಡ ಗೆರೆಯ ಲೆಕ್ಕದಲ್ಲಿ ತಾಪಮಾನವೇ ಇಲ್ಲ, ನೋಡಿ. ಅಲ್ಲಿ ಅದು ಬದಲಾಗುವುದೇ ಇಲ್ಲ, ಅಲ್ವಾ?

ನಮ್ಮ ಐಸಿಗೆ:
ಐಸ್ ಬಿಸಿಯಾಗಲು 1 × 2.1 × 18 = 37.8
ಐಸ್ ಕರಗಲು 1 × 334 = 334
ನೀರು ಬಿಸಿಯಾಗಲು 1 × 4.2 × 25 = 105
ಒಟ್ಟು 476.8 ಕಿಲೋಜೌಲ್.

ಕರೆಂಟ್ ಬಿಲ್‌ನ ಒಂದು ಯೂನಿಟ್ ಅಂದರೆ 3600 ಕಿಲೋಜೌಲ್. ಹಾಗಾಗಿ ಇದು ಸುಮಾರು 0.13 ಯೂನಿಟ್. ಈ ಒಟ್ಟು ಶಾಖದಲ್ಲಿ ನೂರಕ್ಕೆ 70 ಪಾಲು ಹೋಗಿದ್ದು ಆ ಅಡ್ಡ ಗೆರೆಗೆ. ಥರ್ಮಾಮೀಟರ್ ಒಂದನ್ನೇ ನಂಬಿ ಕೂತಿದ್ದರೆ ಮುಕ್ಕಾಲು ಪಾಲಿಗೆ ಹತ್ತಿರದ ಶಾಖ ಲೆಕ್ಕಕ್ಕೇ ಸಿಗುತ್ತಿರಲಿಲ್ಲ.

ಎಸಿ ಕೊಳ್ಳುವಾಗ ಒಂದೂವರೆ ಟನ್ ಅಂತ ಕೇಳುತ್ತೇವಲ್ಲ, ಆ ಟನ್ ಹುಟ್ಟಿದ್ದೂ ಇದೇ ಅಡ್ಡ ಗೆರೆಯಿಂದ. ಅಮೆರಿಕದ ಒಂದು ಟನ್, ಅಂದರೆ 907 ಕಿಲೋ ಐಸ್ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು ವೇಗದಲ್ಲಿ ಶಾಖ ತೆಗೆದರೆ ಅದು ಒಂದು ಟನ್. 907ನ್ನು 334ರಿಂದ ಗುಣಿಸಿ, ಒಂದು ದಿನದ 86,400 ಸೆಕೆಂಡಿನಿಂದ ಭಾಗಿಸಿ. ಸುಮಾರು 3.5 ಕಿಲೋವಾಟ್ ಬರುತ್ತದೆ. ಇದು ಕೋಣೆಯಿಂದ ಹೊರಗೆ ಹೋಗುವ ಶಾಖ. ಎಸಿ ಎಳೆಯುವ ಕರೆಂಟ್ ಇದಕ್ಕಿಂತ ತುಂಬಾ ಕಡಿಮೆ.

ಕುಲುಮೆಗೆ ಅದೇ ಲೆಕ್ಕ

ಈಗ ಆ 40 ಕಿಲೋ ಅಲ್ಯೂಮಿನಿಯಂ. 27 ಡಿಗ್ರಿಯಿಂದ 660ಕ್ಕೆ, ಅಂದರೆ 633 ಡಿಗ್ರಿಯ ಏರು. ಒಂದು ಕಿಲೋಗೆ 0.90 × 633, ಸುಮಾರು 570. 40 ಕಿಲೋಗೆ 22,800. ಕರಗಲು 40 × 397, ಅಂದರೆ 15,880. ಒಟ್ಟು 38,680 ಕಿಲೋಜೌಲ್. ಹತ್ತೂಮುಕ್ಕಾಲು ಯೂನಿಟ್‌ಗೆ ಹತ್ತಿರ.

ಲೋಹದೊಳಗೆ ಪ್ರತಿ ಸೆಕೆಂಡಿಗೆ 10 ಕಿಲೋಜೌಲ್ ಸೇರುತ್ತಿದೆ ಅಂತಿಟ್ಟುಕೊಳ್ಳಿ. 660 ಮುಟ್ಟಲು 2280 ಸೆಕೆಂಡ್, ಅಂದರೆ 38 ನಿಮಿಷ. ಆಮೇಲೆ ಕರಗಿ ಮುಗಿಯಲು 1588 ಸೆಕೆಂಡ್, 26 ನಿಮಿಷದ ಮೇಲೆ. ಹತ್ತು ನಿಮಿಷಕ್ಕೇ ಸ್ವಿಚ್ ಆರಿಸಲು ಹೋಗಿದ್ದೆ. ಇನ್ನೂ ಹದಿನಾರು ನಿಮಿಷ ಕಾಯಬೇಕಿತ್ತು. ಮೇಸ್ತ್ರಿಗೆ ಈ ಅಂಕಿಗಳು ಬೇಕಿರಲಿಲ್ಲ, ಕೈಗೆ ಗೊತ್ತಿತ್ತು.

ನಿಜವಾದ ಕುಲುಮೆಗೆ ಈ ಅಂಕಿ ಕನಿಷ್ಠ ಅಷ್ಟೇ. ಬಿಸಿ ಏರಿದಂತೆ ಲೋಹದ ವಿಶಿಷ್ಟೋಷ್ಣವೂ ಸ್ವಲ್ಪ ಏರುತ್ತದೆ. ಅಲ್ಯೂಮಿನಿಯಂಗೆ ಒಟ್ಟು ಲೆಕ್ಕದಲ್ಲಿ ಹತ್ತನೇ ಒಂದು ಪಾಲಿನಷ್ಟು ಸೇರಿಸಿಕೊಳ್ಳುವುದು ಒಳ್ಳೆಯದು. ಅಚ್ಚಿಗೆ ಹುಯ್ಯಲು 660 ಸಾಲದು, ಇನ್ನೂ ಬಿಸಿ ಮಾಡಬೇಕು. ಮೂಸೆ, ಇಟ್ಟಿಗೆ, ಬಾಗಿಲಿನಿಂದ ಹೋಗುವ ಬಿಸಿಗಾಳಿ, ಇವೆಲ್ಲ ತಮ್ಮ ಪಾಲು ತೆಗೆದುಕೊಳ್ಳುತ್ತವೆ. ಗ್ಯಾಸ್ ಕುಲುಮೆಯಾದರೆ ಹೀಗೆ ಲೆಕ್ಕ ಹಾಕಿ. ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು 46,000 ಕಿಲೋಜೌಲ್. ಅದರಲ್ಲಿ ಐದನೇ ಒಂದು ಪಾಲು ಮಾತ್ರ ಲೋಹಕ್ಕೆ ಸೇರುತ್ತದೆ ಅಂತಿಟ್ಟುಕೊಂಡರೆ 38,680ನ್ನು ಐದರಿಂದ ಗುಣಿಸಿ 46,000ದಿಂದ ಭಾಗಿಸಬೇಕು. 4.2 ಕಿಲೋ ಗ್ಯಾಸ್. ನಷ್ಟವೇ ಇಲ್ಲದಿದ್ದರೆ 0.84 ಕಿಲೋ ಸಾಕಿತ್ತು. ಕುಲುಮೆಗೆ ಒಳ್ಳೆಯ ಮುಚ್ಚಳ ಹಾಕಿಸುವ ದುಡ್ಡು ಯಾಕೆ ವಾಪಸ್ ಬರುತ್ತದೆ ಅನ್ನುವುದು ಈ ಎರಡು ಅಂಕಿಗಳಲ್ಲೇ ಇದೆ.

ಲೆಕ್ಕಕ್ಕೆ ಸೇರದ, ಆದರೆ ಹೇಳಲೇಬೇಕಾದ ಮಾತು ಒಂದಿದೆ. ಕರಗಿದ ಲೋಹಕ್ಕೆ ಒದ್ದೆ ಗಟ್ಟಿಯನ್ನಾಗಲಿ ಒದ್ದೆ ಗುಜರಿಯನ್ನಾಗಲಿ ಯಾವತ್ತೂ ಹಾಕಬೇಡಿ. ನೀರು ಆವಿಯಾದರೆ ಸಾವಿರದೈನೂರು ಪಟ್ಟಿಗಿಂತ ಜಾಸ್ತಿ ಹಿಗ್ಗುತ್ತದೆ. ಅದು ಲೋಹದೊಳಗೆ ಆದರೆ ಲೋಹವೇ ಸಿಡಿದು ಮೈಮೇಲೆ ಬರುತ್ತದೆ. ಮಳೆಗಾಲದಲ್ಲಿ ನಾವು ಗಟ್ಟಿಗಳನ್ನು ಕುಲುಮೆಯ ಪಕ್ಕದಲ್ಲೇ ಜೋಡಿಸಿ ಒಣಗಿಸಿ ಆಮೇಲೆ ಹಾಕುತ್ತಿದ್ದೆವು. ಲೋಹ ಕರಗಿಸುವ ಪ್ರಯೋಗ ಮನೆಯಲ್ಲಿ ಬೇಡ. ಮನೆಗೆ ಐಸ್ ಸಾಕು.

ನಗರ್ತಪೇಟೆಯ ಚಿನ್ನ

ಈ ಲೆಕ್ಕ ಹೇಳಿದಾಗ ಮಕ್ಕಳು ನಂಬುವುದೇ ಇಲ್ಲ. ನಗರ್ತಪೇಟೆಯ ಗಲ್ಲಿಯಲ್ಲಿ ಅಕ್ಕಸಾಲಿಗರು ಮೂಸೆಯಲ್ಲಿ ಚಿನ್ನ ಕರಗಿಸುತ್ತಾರೆ. ಉರಿಯ ಸದ್ದು ಕೇಳಿದರೆ ಎಷ್ಟೊಂದು ಶಾಖ ಬೇಕಪ್ಪಾ ಅನ್ನಿಸುತ್ತದೆ. 10 ಗ್ರಾಂ ಶುದ್ಧ ಚಿನ್ನ ತೆಗೆದುಕೊಳ್ಳಿ. 27ರಿಂದ 1064ಕ್ಕೆ 1037 ಡಿಗ್ರಿ.

ಬಿಸಿಯಾಗಲು 0.010 × 0.129 × 1037 = 1.34
ಕರಗಲು 0.010 × 64 = 0.64
ಒಟ್ಟು ಸುಮಾರು 2 ಕಿಲೋಜೌಲ್.

ಈಗಾಗಲೇ 0 ಡಿಗ್ರಿಯಲ್ಲಿರುವ 10 ಗ್ರಾಂ ಐಸ್ ಸುಮ್ನೆ ಕರಗಲು 0.010 × 334, ಅಂದರೆ 3.34 ಕಿಲೋಜೌಲ್. ಸಾವಿರ ಡಿಗ್ರಿ ಹತ್ತಿ ಕರಗುವ ಚಿನ್ನಕ್ಕಿಂತ ತಟ್ಟೆಯಲ್ಲಿ ಕೂತು ಕರಗುವ ಐಸ್ ಜಾಸ್ತಿ ಶಾಖ ಹೀರುತ್ತದೆ!

ಹಾಗಾದರೆ ಆ ಉರಿ ಯಾಕೆ? ಚಿನ್ನಕ್ಕೆ ಬೇಕಾದ ಶಾಖ ಕಡಿಮೆ. ಆದರೆ ಆ ಶಾಖ 1064ಕ್ಕಿಂತ ಬಿಸಿಯಾದ ಜಾಗದಿಂದಲೇ ಬರಬೇಕು. ಶಾಖ ಹರಿಯುವುದು ಬಿಸಿಯಿಂದ ತಂಪಿನ ಕಡೆಗೆ ಮಾತ್ರ. ಬಿಸಿನೀರಿನಲ್ಲಿ ಎಷ್ಟೇ ಶಾಖ ಇದ್ದರೂ ಚಿನ್ನದ ಒಂದು ಚೂರೂ ಅದರಲ್ಲಿ ಕರಗುವುದಿಲ್ಲ. ಜೊತೆಗೆ ಅಷ್ಟು ಬಿಸಿಯಾದ ಮೂಸೆ ಸುತ್ತಲೂ ಶಾಖ ಚೆಲ್ಲುತ್ತಲೇ ಇರುತ್ತದೆ. ಶಾಖ ಬೇರೆ, ತಾಪಮಾನ ಬೇರೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ನಿಂಬೆ ಶರಬತ್ತಿಗೆ ಎಷ್ಟು ಐಸ್?

ಏಪ್ರಿಲ್ ಮಧ್ಯಾಹ್ನ. 250 ಮಿಲಿ ಶರಬತ್ತು 27 ಡಿಗ್ರಿಯಲ್ಲಿದೆ, 10 ಡಿಗ್ರಿಗೆ ಇಳಿಯಬೇಕು. ಶರಬತ್ತನ್ನು ನೀರು ಅಂತಲೇ ಹಿಡಿಯೋಣ. ಅದು ಬಿಡಬೇಕಾದ ಶಾಖ 0.25 × 4.2 × 17 = 17.85 ಕಿಲೋಜೌಲ್. ಮೈನಸ್ 18ರ ಒಂದು ಕಿಲೋ ಐಸ್ 10 ಡಿಗ್ರಿ ನೀರಾಗುವಾಗ ಹೀರುವುದು 37.8 + 334 + 42 = 413.8. ಭಾಗಿಸಿದರೆ 0.043 ಕಿಲೋ. 43 ಗ್ರಾಂ, ಎರಡು ಮೂರು ತುಂಡು. ಐಸ್ ಬದಲು 0 ಡಿಗ್ರಿಯ ತಣ್ಣೀರು ಬೆರೆಸಿದರೆ 425 ಮಿಲಿ ಬೇಕು. ಶರಬತ್ತು ಪೂರ್ತಿ ನೀರಾಗಿಬಿಡುತ್ತದೆ.

ಹೆಜ್ಜೆ 4: ಪೂರ್ತಿ ಕರಗುತ್ತದಾ? ಕೇಳಿಕೊಳ್ಳಿ

ಬೆರೆಸುವ ಲೆಕ್ಕಗಳಲ್ಲಿ ಇದೇ ದೊಡ್ಡ ಹೊಂಡ. 25 ಡಿಗ್ರಿಯ 200 ಗ್ರಾಂ ನೀರಿಗೆ 0 ಡಿಗ್ರಿಯ 100 ಗ್ರಾಂ ಐಸ್ ಹಾಕಿದರೆ ಕೊನೆಯ ತಾಪಮಾನ ಎಷ್ಟು? ನೀರು ಬಿಟ್ಟ ಶಾಖ, ಐಸ್ ಪೂರ್ತಿ ಕರಗಿ ಬಿಸಿಯಾಗಲು ಹೀರಿದ ಶಾಖ ಎರಡೂ ಸಮ ಅಂತ ನೇರವಾಗಿ ಸಮೀಕರಣ ಬರೆದರೆ ಮೈನಸ್ 9.8 ಬರುತ್ತದೆ. ಬಿಸಿ ನೀರಿಗೆ ಐಸ್ ಹಾಕಿದರೆ ಅದು ಐಸಿಗಿಂತ ತಣ್ಣಗಾಗುವುದು ಸಾಧ್ಯವೇ ಇಲ್ಲ.

ಮೊದಲು ಎರಡು ಅಂಕಿ ಹೋಲಿಸಿ. ನೀರು 0ಗೆ ಇಳಿಯುವಾಗ ಕೊಡಬಲ್ಲದ್ದು 0.2 × 4.2 × 25 = 21. ಐಸ್ ಪೂರ್ತಿ ಕರಗಲು ಬೇಕಾದ್ದು 33.4. ಸಾಲುವುದಿಲ್ಲ. ಹಾಗಾಗಿ ಕರಗುವುದು 21 ÷ 334, ಅಂದರೆ 63 ಗ್ರಾಂ. 37 ಗ್ರಾಂ ಐಸ್ ಹಾಗೇ ತೇಲುತ್ತದೆ, ತಾಪಮಾನ 0. ಕೊಡುವುದು ಬೇಕಾದ್ದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಸಮೀಕರಣಕ್ಕೆ ಹೋಗಿ.

ಅಡ್ಡ ಗೆರೆ ಇಲ್ಲದ ವಸ್ತುಗಳು

ಡಿಸೆಂಬರ್ ಬೆಳಗ್ಗೆ ಬೆಂಗಳೂರಿನ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗಿರುತ್ತದೆ. ಬಿಸಿಲಿಗಿಟ್ಟರೆ ಮೊದಲು ಮೆತ್ತಗಾಗುತ್ತದೆ, ಆಮೇಲೆ ಕಲಸಿದಂತಾಗುತ್ತದೆ, 24–25 ಡಿಗ್ರಿ ಹೊತ್ತಿಗೆ ತಿಳಿಯಾಗುತ್ತದೆ. ಅದು ಹಲವು ಕೊಬ್ಬುಗಳ ಮಿಶ್ರಣ, ಒಂದೊಂದು ಒಂದೊಂದು ತಾಪಮಾನದಲ್ಲಿ ಕರಗುತ್ತದೆ. ತುಪ್ಪ, ಮೇಣ ಕೂಡ ಹೀಗೇ. 22 ಕ್ಯಾರೆಟ್ ಚಿನ್ನವೂ ಮಿಶ್ರಲೋಹ, ಅದಕ್ಕೂ ಒಂದೇ ಬಿಂದು ಇಲ್ಲ. ಇವುಗಳ ಮೆಟ್ಟಿಲಿನಲ್ಲಿ ಅಡ್ಡ ಗೆರೆ ಸ್ವಲ್ಪ ಓರೆಯಾಗಿರುತ್ತದೆ. ಗಾಜಿಗೆ ಅಡ್ಡ ಗೆರೆಯೇ ಇಲ್ಲ, ಅದು ಮೆತ್ತಗಾಗುತ್ತಾ ಹೋಗುತ್ತದೆ. ಬೆಲ್ಲದ ಪಾಕಕ್ಕೂ ಈ ಲೆಕ್ಕ ಹಾಕಬೇಡಿ. ಅಲ್ಲಿ ಬೆಲ್ಲ ನೀರಿನಲ್ಲಿ ಬೆರೆತು ಕರಗುವುದು, ಅದು ಬೇರೆ ವಿಷಯ.

334 ನಿಜವಾ? ಮನೆಯಲ್ಲೇ ಅಳೆಯಿರಿ

ಒಂದು ಥರ್ಮಾಸ್ ಫ್ಲಾಸ್ಕ್, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಪ್ರಯೋಗಾಲಯದ ಥರ್ಮಾಮೀಟರ್. ಜ್ವರ ನೋಡುವ ಥರ್ಮಾಮೀಟರ್ ನಡೆಯುವುದಿಲ್ಲ.

ಥರ್ಮಾಮೀಟರ್ ಸರಿ ಇದೆಯಾ ಅಂತ ಮೊದಲು ಕರಗುತ್ತಿರುವ ಐಸಿನಲ್ಲಿಟ್ಟು ನೋಡಿ. 0 ತೋರಿಸಬೇಕು. ಕುದಿಯುವ ನೀರಿನಲ್ಲಿ ಇಟ್ಟು 100 ಬರಲಿಲ್ಲ ಅಂತ ಎಸೆಯಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು 97 ಡಿಗ್ರಿಗೇ ಕುದಿಯುತ್ತದೆ. ಐಸ್ ಕರಗುವುದಕ್ಕೆ ಮಾತ್ರ ಈ ಎತ್ತರದಿಂದ ಗಮನಿಸುವಷ್ಟು ವ್ಯತ್ಯಾಸ ಆಗುವುದಿಲ್ಲ.

ಫ್ಲಾಸ್ಕನ್ನು ಮೊದಲೇ ಬಿಸಿನೀರು ಹಾಕಿ ಬೆಚ್ಚಗೆ ಮಾಡಿ ಚೆಲ್ಲಿ. ಇಲ್ಲದಿದ್ದರೆ ಅದರ ಗೋಡೆಯೇ ಶಾಖ ಕದಿಯುತ್ತದೆ. ಈಗ 300 ಗ್ರಾಂ ನೀರು ಹಾಕಿ, 50 ಡಿಗ್ರಿ ಇರಲಿ. ಐಸ್ ತುಂಡುಗಳನ್ನು ತಟ್ಟೆಯಲ್ಲಿ ಬಿಟ್ಟು, ನೀರು ಒಸರಲು ಶುರುವಾದ ಮೇಲೆ ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಒಸರುತ್ತಿದ್ದರೆ ಅದು 0 ಡಿಗ್ರಿಗೆ ಬಂದಿದೆ ಅಂತ ಅರ್ಥ. ಒರೆಸದಿದ್ದರೆ ಆಗಲೇ ಕರಗಿದ ನೀರನ್ನೂ ಐಸ್ ಅಂತ ತೂಗಿದಂತಾಗುತ್ತದೆ. 60 ಗ್ರಾಂ ತೂಗಿ ಒಳಗೆ ಹಾಕಿ, ಮುಚ್ಚಿ, ಅಲ್ಲಾಡಿಸಿ. ಪೂರ್ತಿ ಕರಗಿದ ಕೂಡಲೇ ಅಳೆಯಿರಿ.

29 ಡಿಗ್ರಿ ಬಂತು ಅಂತಿಟ್ಟುಕೊಳ್ಳಿ. ನೀರು ಕೊಟ್ಟಿದ್ದು 0.3 × 4.2 × 21 = 26.46. ಐಸ್ ಕರಗಿ ಆದ ನೀರು 29ಕ್ಕೆ ಏರಲು ತೆಗೆದುಕೊಂಡಿದ್ದು 0.06 × 4.2 × 29 = 7.31. ಉಳಿದ 19.15 ಹೋಗಿದ್ದು ಕರಗುವುದಕ್ಕೆ. ಅದನ್ನು 0.06ರಿಂದ ಭಾಗಿಸಿ: 319. ನಿಜವಾದ 334ಕ್ಕೆ ನೂರಕ್ಕೆ ಐದರ ಒಳಗಿನ ವ್ಯತ್ಯಾಸ. ಇದು ಒಳ್ಳೆಯ ಫಲಿತಾಂಶ. ತಪ್ಪೇ ಇಲ್ಲದಿದ್ದರೆ ಥರ್ಮಾಮೀಟರ್ 28.4 ತೋರಿಸಬೇಕಿತ್ತು. ಕೊನೆಯ ಓದಿನಲ್ಲಿ ಒಂದು ಡಿಗ್ರಿ ಹೆಚ್ಚು ಕಡಿಮೆಯಾದರೆ ಉತ್ತರ 25ರಷ್ಟು ಜರುಗುತ್ತದೆ. ಹಾಗಾಗಿ ಕಣ್ಣನ್ನು ಅಂಕಿಯ ನೇರಕ್ಕೆ ತಂದು ಅರ್ಧ ಡಿಗ್ರಿಯವರೆಗೂ ಓದಿ. ಮೂರು ಸಲ ಮಾಡಿ, ಸರಾಸರಿ ತೆಗೆದುಕೊಳ್ಳಿ. ಪ್ರತಿ ಸಲವೂ ಉತ್ತರ 334ಕ್ಕಿಂತ ಕಡಿಮೆಯೇ ಬರುತ್ತಿದ್ದರೆ ಐಸ್ ಒರೆಸಿದ್ದು ಸಾಲದು, ಬಟ್ಟೆ ಬದಲಾಯಿಸಿ ನೋಡಿ. ಜಾಸ್ತಿ ಬರುತ್ತಿದ್ದರೆ ಫ್ಲಾಸ್ಕಿನ ಮುಚ್ಚಳ ನೋಡಿ. ಶಾಖ ಅಲ್ಲಿಂದ ಹೊರಗೆ ಹೋಗುತ್ತಿರಬಹುದು.